ಹತ್ತೆಣಿಕೆಯ ಕೈ

ನಾನು ಮೇಸ್ತ್ರಿಯನ್ನು ಮೊದಲು ಕಂಡ ದಿನ ಅವರು ನನ್ನ ಮುಖವನ್ನು ನೋಡಲೇ ಇಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಎಡಕ್ಕೆ ತುಸು ವಾಲಿದ ನಡಿಗೆಯಲ್ಲಿ ಒಳಗೆ ಬಂದು, “ಎಲ್ಲಿ?” ಎಂದು ಒಂದೇ ಮಾತು ಕೇಳಿ, ದೀಪ ಉರಿಯುತ್ತಿದ್ದ ಅಡುಗೆಮನೆಯ ಕಪಾಟಿನ ಕೆಳಗೆ ಬಗ್ಗಿ, ಬಲಗೈಯನ್ನು ಮಗುಚಿ ಬೆರಳುಗಳ ಬೆನ್ನನ್ನು ಅದರ ತಳಕ್ಕೆ ತಾಗಿಸಿ ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲುಗುತ್ತಿತ್ತು. ದೀಪ ರಿಪೇರಿಯವನನ್ನು ಕರೆಸಿದರೆ ಮಂತ್ರ ಹಾಕುವವನು ಬಂದನಲ್ಲ ಎಂದುಕೊಂಡು ನಾನು ಗೋಡೆಗೆ ಒರಗಿ ನಿಂತೆ.

ಆಗ ನಮ್ಮ ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಆ ಕಪಾಟಿನ ತಳಕ್ಕೆ ಎರಡು ಮೀಟರ್ ಎಲ್‌ಇಡಿ ಪಟ್ಟಿ ಅಂಟಿಸಿದ್ದೇ ಈ ಮನೆಯಲ್ಲಿ ಅವರು ಮಾಡಿದ ಕೊನೆಯ ಕೆಲಸ. ಬರಿಯ ಪ್ಲೈವುಡ್ಡಿನ ಮೇಲೆ ಅಂಟಿಸಿದ್ದರು. ಬೇಸಿಗೆ ಬಂದದ್ದೇ ಅಂಟು ಕರಗಿ, ಪಟ್ಟಿ ಹಾವಿನ ಪೊರೆಯಂತೆ ಜೋತುಬಿದ್ದಿತ್ತು. ಅರ್ಧ ಹಳದಿಗೆ ತಿರುಗಿತ್ತು, ನಡುವೆ ಮೂರು ಮಣಿ ಸತ್ತಿದ್ದವು.

ಮೇಸ್ತ್ರಿ ಚಟ್ಟನೆ ಕೈ ತೆಗೆದರು. “ಐದಕ್ಕೆ ತೆಗೆದೆ. ಇದಕ್ಕೆ ಜ್ವರ ಬಂದಿದೆ ಅಮ್ಮ.”

“ದೀಪಕ್ಕೆ ಜ್ವರಾನಾ?”

“ಬೆಳಕು ಮುಂದಕ್ಕೆ ಹೋಗುತ್ತೆ, ಶಾಖ ಹಿಂದಕ್ಕೆ ಹೋಗುತ್ತೆ. ಹಿಂದೆ ಇರೋದು ಮರ. ಮರ ಬಾಗಿಲು ತೆಗೆಯಲ್ಲ. ಅತ್ತೆಮನೇಲಿ ಜಾಗ ಇಲ್ಲ, ತವರಿಗೆ ವಾಪಸ್ ಹೋಗೋ ಹಾಗಿಲ್ಲ ಅನ್ನೋ ಹುಡುಗಿ ಥರ ಅಲ್ಲೇ ಕೂತು ಬೇಯುತ್ತೆ. ಯಾವ ಪುಣ್ಯಾತ್ಮ ಅಂಟಿಸಿದ್ದು ಇದನ್ನ?”

“ನಮ್ಮ ಯಜಮಾನರು.”

“ಕರೀರಿ ಅವರನ್ನ, ಎರಡು ಮಾತು ಹೇಳ್ಬೇಕು.”

“ಹೋಗ್ಬಿಟ್ರು.”

ಜೋತುಬಿದ್ದ ಪಟ್ಟಿಯ ಅಂಟಿನ ಗುರುತು ಪ್ಲೈವುಡ್ಡಿನ ಮೇಲೆ ಉಳಿದಿತ್ತು. ಅದರ ಉದ್ದಕ್ಕೂ ಒಂದು ಬೆರಳು ಓಡಿಸಿ ಮೇಸ್ತ್ರಿ ಹೇಳಿದರು: “ನೇರಕ್ಕೆ ಅಂಟಿಸಿದಾರೆ. ಗೆರೆ ಎಳೆದ ಹಾಗಿದೆ.” ಕ್ಷಮೆ ಕೇಳುವ ಅವರ ರೀತಿ ಅಷ್ಟೇ ಎಂಬುದು ನನಗೆ ಆಮೇಲೆ ತಿಳಿಯಿತು. ಒಂಬತ್ತು ವರ್ಷದಲ್ಲಿ ಬೇರೆ ಬಗೆಯಲ್ಲಿ ಕ್ಷಮೆ ಕೇಳಿದ್ದನ್ನು ನಾನು ಕಾಣೆ.

ಮರುದಿನ ಅವರು ಪಟ್ಟಿ ಕೂರಿಸುವ ತೋಡಿನಂಥ ಅಲ್ಯೂಮಿನಿಯಂ ಚಾನೆಲ್ ಹಿಡಿದುಕೊಂಡು ಬರುವಷ್ಟರಲ್ಲಿ ನಾನು ಆ ಹಳೆಯ ಪಟ್ಟಿಯನ್ನು ಬಿಡಿಸಿ, ಎಣ್ಣೆಯಲ್ಲಿ ಅದ್ದಿದ ದಾರದಿಂದ ಅದರ ಬೆನ್ನಿನ ಅಂಟನ್ನೆಲ್ಲ ಉಜ್ಜಿ ತೆಗೆದಿದ್ದೆ. ಎಸೆಯುವ ಮನಸ್ಸಿರಲಿಲ್ಲ, ಅಷ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ತುದಿಯಿಂದ ಈ ತುದಿಗೆ ನೋಡಿದರು. ಒಂದು ಮಣಿಗೂ ಗೀರು ಬಿದ್ದಿರಲಿಲ್ಲ.

“ಎಷ್ಟು ಹೊತ್ತು ಹಿಡೀತು?”

“ಬೆಳಗ್ಗೆಯಿಂದ ಕೂತಿದೀನಿ.”

“ಬೇಜಾರಾಗಲಿಲ್ವಾ?”

“ಬೇಜಾರು ಮಾಡ್ಕೊಂಡು ಯಾರಿಗೆ ತೋರಿಸ್ಲಿ?”

“ನಾಳೆಯಿಂದ ಕೆಲಸಕ್ಕೆ ಬನ್ನಿ,” ಎಂದರು. ಹೀಗೆ ನಾನು ಮೇಸ್ತ್ರಿಯ ಕಾರ್ಖಾನೆ ಸೇರಿದೆ.

ಕಾರ್ಖಾನೆ ಎನ್ನುವುದು ದೊಡ್ಡ ಮಾತು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಎರಡು ಕೋಣೆ. ಮುಂದಿನದರಲ್ಲಿ ಮೇಸ್ತ್ರಿಯೂ ನಾನೂ, ಹಿಂದಿನದರಲ್ಲಿ ಬಡಗಿ. ಇಬ್ಬರಿಗೂ ಬಾಡಿಗೆ ಪಾಲು, ಚಹಾ ಪಾಲು, ಜಗಳವೂ ಪಾಲು. ಅಂಗಡಿಗಳಿಗೆ, ಮನೆಗಳಿಗೆ, ಕಛೇರಿಗಳಿಗೆ ಬಡಗಿ ಕಪಾಟು ಮಾಡಿದರೆ ಮೇಸ್ತ್ರಿ ಅದಕ್ಕೆ ಬೆಳಕು ಕೊಡುತ್ತಿದ್ದರು. ನನ್ನ ಕೆಲಸ ಇಷ್ಟು: ಅಳತೆಗೆ ಕತ್ತರಿಸಿದ ಚಾನೆಲ್ಲಿನ ತುದಿಯ ಮುಳ್ಳನ್ನು ಅರದಿಂದ ಉಜ್ಜುವುದು, ಒಳಮೈಯನ್ನು ಸ್ಪಿರಿಟ್ಟಿನಿಂದ ಒರೆಸುವುದು, ಒರೆಸಿದ ಮೇಲೆ ಬೆರಳು ತಾಗಿಸದೆ ಪಟ್ಟಿಯನ್ನು ಒಂದು ತುದಿಯಿಂದ ಹೆಬ್ಬೆರಳಿನಲ್ಲಿ ಒತ್ತುತ್ತಾ ಒತ್ತುತ್ತಾ ಇನ್ನೊಂದು ತುದಿಗೆ ಒಯ್ಯುವುದು. ನಡುವೆ ಎಲ್ಲಿಯೂ ಗುಳ್ಳೆ ಏಳಬಾರದು. ಗುಳ್ಳೆ ಎದ್ದಲ್ಲಿ ಪಟ್ಟಿಗೂ ಲೋಹಕ್ಕೂ ಸ್ಪರ್ಶವಿಲ್ಲ, ಸ್ಪರ್ಶವಿಲ್ಲದಲ್ಲಿ ಶಾಖ ನಿಂತುಬಿಡುತ್ತದೆ. ನನಗೆ ಬರುವ ಓದು ಅಕ್ಷರ ಕೂಡಿಸಿಕೊಂಡು ಓದುವಷ್ಟು. ಆದರೆ ಪಟ್ಟಿಯ ಸುರುಳಿಯ ಮೇಲಿನ ಅಂಕಿಗಳನ್ನು, ಮೀಟರಿಗೆ ಇಷ್ಟು ವ್ಯಾಟ್ ಎಂಬುದನ್ನು, ತಿಂಗಳೊಳಗೆ ಕಲಿತೆ. ಐದು ವ್ಯಾಟಿನದಾದರೆ ತೆಳು ಚಾನೆಲ್ ಸಾಕು. ಹತ್ತಾದರೆ ತುಸು ಯೋಚನೆ ಮಾಡಬೇಕು. ಇಪ್ಪತ್ತಾದರೆ ಅಗಲವಾದ ದಪ್ಪ ಚಾನೆಲ್ಲೂ ಬೇಕು, ಬೆನ್ನ ಹಿಂದೆ ಗಾಳಿಯೂ ಬೇಕು.

“ಲೋಟದಲ್ಲಿರೋ ಚಾ ಬೇಗ ಆರಲ್ಲ, ತಟ್ಟೆಗೆ ಸುರಿದ್ರೆ ಆರುತ್ತೆ,” ಎಂದು ಮೇಸ್ತ್ರಿ ಗಿರಾಕಿಗಳಿಗೆ ವಿವರಿಸುತ್ತಿದ್ದರು. “ಚಾನೆಲ್ ಅಂದ್ರೆ ತಟ್ಟೆ. ತಟ್ಟೆನ ತಗೊಂಡು ಹೋಗಿ ಪೆಟ್ಟಿಗೇಲಿ ಮುಚ್ಚಿಟ್ರೆ? ಉಸಿರು ಬೇಕು ಸ್ವಾಮಿ, ಉಸಿರು ಬೇಕು.” ಈ ‘ಉಸಿರು ಬೇಕು’ ಅವರ ನಾಲಿಗೆಗೆ ಅಂಟಿಕೊಂಡ ಮಾತು. ಬಡಗಿಯ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಕಚ್ಚಾಡಿದರೂ ಉಸಿರು ಬೇಕು, ಅಂಗಿ ಬಿಗಿಯಾದರೂ ಉಸಿರು ಬೇಕು, ಗಿರಾಕಿ ಅವಸರ ಮಾಡಿದರೂ ಉಸಿರು ಬೇಕು.

ಮಳೆಗಾಲ, ಬೇಸಿಗೆ ಎನ್ನದೆ ಮೈಮೇಲೆ ಒಂದೇ ಬೂದುಬಣ್ಣದ ಹತ್ತಿಯ ಕೋಟು. ಬಲಗಡೆ ಜೇಬಿನಲ್ಲಿ ಸ್ಪಿರಿಟ್ ಶೀಸೆ ಮತ್ತು ಬಿಳಿಯ ಬಟ್ಟೆ. ಎಡಗಡೆ ಜೇಬಿನಲ್ಲಿ ಗೇಣುದ್ದದ ಚಾನೆಲ್ ತುಂಡು. ಕೈಯಾಡಿ ಕೈಯಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಿಂದ ಬೆನ್ನು ತುರಿಸಿಕೊಳ್ಳುವರು, ಗೋಡೆ ಅಳೆಯುವರು, ದಾರಿ ತೋರಿಸುವರು, ಬಡಗಿಯ ತಲೆಗೆ ಕುಟ್ಟುವುದಾಗಿ ಹೆದರಿಸುವರು. ಮೂವತ್ತು ವರ್ಷ ಬಲ ಹೆಗಲ ಮೇಲೆ ಏಣಿ ಹೊತ್ತು, ಭಾರ ಸರಿದೂಗಿಸಲು ಎಡಕ್ಕೆ ವಾಲಿದ ಮೈ, ಏಣಿ ಇಳಿಸಿದ ಮೇಲೂ ನೆಟ್ಟಗಾಗಿರಲಿಲ್ಲ.

ಆದರೆ ಊರಿಗೆಲ್ಲ ಅವರು ಪರಿಚಿತರಾಗಿದ್ದುದು ಆ ಕೈಯಿಂದ. ಯಾವ ಕೆಲಸವಾಗಲಿ, ಚಾನೆಲ್ಲಿಗೆ ಬಿಳಿಯ ಮುಚ್ಚಳ ಹಾಕುವ ಮುಂಚೆ ಒಂದು ಗಂಟೆ ದೀಪ ಉರಿಸಿ, ಬಲಗೈಯ ಬೆರಳ ಬೆನ್ನನ್ನು ಲೋಹಕ್ಕೆ ತಾಗಿಸಿ, ಉಸಿರಿಗೊಂದರಂತೆ ಎಣಿಸುವರು. ಹತ್ತು ಬಂದರೆ ಕೆಲಸ ಪಾಸು. ಏಳಕ್ಕೆ ತೆಗೆದರೆ ಚಾನೆಲ್ ಅಗಲ ಮಾಡಬೇಕು. ಐದರೊಳಗೆ ತೆಗೆದರೆ ಎಲ್ಲ ಬಿಚ್ಚಿ ಹೊಸದಾಗಿ ಮಾಡಬೇಕು, ಗಿರಾಕಿ ಅತ್ತರೂ ಸರಿ, ಬೈದರೂ ಸರಿ. ಆದ್ದರಿಂದಲೇ ಬಡಗಿ ಅವರಿಗೆ ‘ಹತ್ತೆಣಿಕೆ ಗುರುಗಳು’ ಎಂದು ಹೆಸರಿಟ್ಟಿದ್ದ. ಅವರು ಅವನನ್ನು ‘ಮರ’ ಎಂದೇ ಕರೆಯುತ್ತಿದ್ದರು.

“ಹತ್ತೆಣಿಕೆ ಗುರುಗಳು ಬಂದ್ರು, ಎಲ್ಲಾರೂ ಗಡಿಯಾರ ನಿಲ್ಲಿಸ್ರಪ್ಪ!” ಎಂದು ಅವನು ಕೆಲಸದ ಜಾಗದಲ್ಲಿ ಕೂಗುತ್ತಿದ್ದ. “ಕೈ ಇಟ್ಟು ಕಣ್ಮುಚ್ಚಿದ್ರೆ ಇವರಿಗೆ ಸ್ವರ್ಗ ಕಾಣುತ್ತೆ, ನಮಗೆ ಊಟದ ಹೊತ್ತು ಮೀರುತ್ತೆ.”

ಮೇಸ್ತ್ರಿ ಸಿಟ್ಟಾಗದೆ ಅವನ ಹಣೆಗೆ ಕೈಬೆನ್ನು ತಾಗಿಸಿ, “ಹತ್ತು ಬಂತು ಕಣೋ ಮರ. ತಲೆ ತಣ್ಣಗಿದೆ. ಒಳಗೆ ಏನೂ ಉರೀತಿಲ್ಲ,” ಎನ್ನುವರು.

ಒಮ್ಮೆ ಒಬ್ಬ ಗಿರಾಕಿ ಪಿಸ್ತೂಲಿನಂಥ ಶಾಖದ ಯಂತ್ರ ತಂದು, “ಈ ಕಾಲದಲ್ಲೂ ಕೈ ಇಟ್ಟು ನೋಡ್ತೀರಲ್ಲ ಮೇಸ್ತ್ರಿ, ಇದನ್ನ ತೋರಿಸಿದ್ರೆ ಸಾಕು, ಅಂಕಿ ಬರುತ್ತೆ,” ಎಂದ. ಯಂತ್ರ ಮೂವತ್ತೆಂಟು ಎಂದು ತೋರಿಸಿತು. ಮೇಸ್ತ್ರಿ ಕೈ ಇಟ್ಟು ಆರಕ್ಕೆ ತೆಗೆದರು. ಮಾತಾಡದೆ, ಅದೇ ಜಾಗದಲ್ಲಿ ಉಗುರಗಲ ಕಪ್ಪು ಟೇಪು ಅಂಟಿಸಿ, ಸ್ವಲ್ಪ ಹೊತ್ತು ಕಾದು, “ಈಗ ತೋರ್ಸಿ,” ಎಂದರು. ಐವತ್ತಾರು ಬಂತು. ಹೊಳೆಯುವ ಲೋಹದ ಮುಂದೆ ಆ ಯಂತ್ರ ಮೋಸಹೋಗುತ್ತದೆಯಂತೆ. ಕಪ್ಪು ಮೈಯಾದರೆ ನಿಜ ಹೇಳುತ್ತದೆಯಂತೆ. “ಯಂತ್ರಕ್ಕೆ ಹೊಳಪು ಕಂಡ್ರೆ ಕಣ್ಣು ಕುಕ್ಕುತ್ತೆ,” ಎಂದರು ಮೇಸ್ತ್ರಿ, “ಕೈಗೆ ಕಣ್ಣಿಲ್ಲ. ಹಾಗಾಗಿ ಮೋಸ ಹೋಗಲ್ಲ.” ಗಿರಾಕಿ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ. ಆ ಮಾತನ್ನು ಬಡಗಿಯೂ ನಾನೂ ಎಷ್ಟು ಸಲ ನೆನೆದು ನಕ್ಕಿದ್ದೇವೋ ಲೆಕ್ಕವಿಲ್ಲ. ಈಗ ಅದು ನೆನಪಾದರೆ ನನಗೆ ಮೈ ತಣ್ಣಗಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಎಂಟನೆಯ ವರ್ಷದಲ್ಲಿ ಒಂದು ದಿನ ಅವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಇನ್ನೊಂದು ಎರಡು ಬೀದಿಯಾಚೆ, ರಸ್ತೆ ದಾಟುವಲ್ಲಿ ಬಿದ್ದಿತ್ತು. ನಾನು ಬರುವಾಗ ನೋಡಿ, ಯಾರದೋ ಎಂದುಕೊಂಡಿದ್ದೆ. ಬಡಗಿ ಬಿದ್ದು ಬಿದ್ದು ನಕ್ಕ. “ಗುರುಗಳೇ, ನಾಳೆ ಪಂಚೆ ಎಲ್ಲಿ ಬೀಳಿಸ್ತೀರೋ ಹೇಳ್ಬಿಡಿ, ನಾನು ಆ ರಸ್ತೆಗೆ ಬರಲ್ಲ!” ಅವರೂ ನಕ್ಕರು. ಆದರೆ ಬರಿಗಾಲಿನ ಅಡಿ ಜಲ್ಲಿಕಲ್ಲಿಗೆ ತಾಗಿ ಹರಿದು ರಕ್ತ ಬರುತ್ತಿದ್ದುದು ಅವರಿಗೆ ನಾನು ತೋರಿಸುವವರೆಗೂ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷದಿಂದ ಇತ್ತು. “ಮಾತ್ರೆ ನುಂಗು ಅಂದ್ರೆ ಮಗುವಿಗಿಂತ ಕಡೆ,” ಎಂದು ಅವರ ಹೆಂಡತಿ ನನ್ನ ಹತ್ತಿರ ಗೊಣಗುತ್ತಿದ್ದರು. ಆಮೇಲೆ ಒಂದು ಸಲ ಬಲಗೈಯ ಗೆಣ್ಣಿನ ಮೇಲೆ ಬೊಬ್ಬೆ ಕಂಡಿತು. ತಂತಿ ಬೆಸೆಯುವ ಕಾದ ಸೋಲ್ಡರ್ ಕಡ್ಡಿ ತಾಗಿದ್ದು. “ಯಾವಾಗ ಸುಟ್ಕೊಂಡ್ರಿ ಮೇಸ್ತ್ರಿ?” ಎಂದೆ. ಅವರು ಕೈಯನ್ನು ಬೇರೆ ಯಾರದೋ ವಸ್ತುವಿನಂತೆ ತಿರುಗಿಸಿ ನೋಡಿ, “ಹೌದಲ್ವಾ,” ಎಂದರು.

ಕನ್ನಡಕದ ಅಂಗಡಿಯೊಂದರ ಕೆಲಸ ಬಂದದ್ದು ಅದಾಗಿ ತಿಂಗಳೊಳಗೆ. ಗಾಜಿನ ಕಪಾಟುಗಳು, ಒಂದೊಂದು ಖಾನೆಯಲ್ಲೂ ಬೆಳಕು. ಒಂದು ಗಂಟೆ ಉರಿಸಿಯಾಯಿತು. ಮೇಸ್ತ್ರಿ ಕೋಟಿನ ತೋಳು ಮೇಲೇರಿಸಿ, ಕೈಬೆನ್ನು ತಾಗಿಸಿ, ಕಣ್ಣು ಮುಚ್ಚಿ, ನೆಮ್ಮದಿಯಾಗಿ ಹತ್ತು ಎಣಿಸಿ, “ತಣ್ಣಗಿದೆ. ಮುಚ್ಚಿ,” ಎಂದರು. ನಾನು ಮುಚ್ಚಳ ಕೂರಿಸಲು ಚಾನೆಲ್ಲಿನ ಅಂಚು ಹಿಡಿದೆ. ಒಂದು, ಎರಡು, ಮೂರು, ನಾಲ್ಕು. ಕೈ ತಾನಾಗಿ ಹಿಂದಕ್ಕೆ ಬಂತು. ಬೆರಳ ತುದಿ ಚುರುಗುಟ್ಟುತ್ತಿತ್ತು. ನಂಬಿಕೆಯಾಗದೆ ಇನ್ನೊಂದು ಖಾನೆಯಲ್ಲಿ ಇಟ್ಟು ನೋಡಿದೆ. ಅಲ್ಲೂ ನಾಲ್ಕೇ.

ತಿರುಗಿ ನೋಡಿದರೆ ಮೇಸ್ತ್ರಿ ಬಿಳಿಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಅಂಗಡಿಯವಳಿಗೆ ತಟ್ಟೆ ಮತ್ತು ಚಹಾದ ಕಥೆ ಹೇಳುತ್ತಿದ್ದರು. ಅವರ ಮುಖದಲ್ಲಿ, ಕೆಲಸ ಚೆನ್ನಾಗಿ ಆದಾಗ ಮಾತ್ರ ಬರುವ ಒಂದು ತಿಳಿನಗು ಇತ್ತು.

ಹೇಳಬೇಕಿತ್ತು. ಬಾಯಿಗೆ ಬಂದ ಮಾತು ಬೇರೆ: “ಮೇಸ್ತ್ರಿ, ಈ ಕಡೆ ಅಂಟು ಬಿಟ್ಟಿದೆ. ನಾಳೆ ಬಂದು ಸರಿಮಾಡಿ ಮುಚ್ಚಳ ಹಾಕ್ತೀನಿ.”

“ನೀವು ಅಂಟಿಸಿದ್ದು ಬಿಡ್ತಾ?” ಎಂದು ಅವರು ಆಶ್ಚರ್ಯಪಟ್ಟರು. ಎಂಟು ವರ್ಷದಲ್ಲಿ ನನ್ನ ಅಂಟು ಬಿಟ್ಟದ್ದು ಅದೇ ಮೊದಲು. ಮರುದಿನ ನಾನು ಬಡಗಿಯನ್ನು ಕರೆದುಕೊಂಡು ಹೋಗಿ, ತೆಳು ಚಾನೆಲ್ ಕಿತ್ತು ಅಗಲದ್ದು ಹಾಕಿಸಿದೆ. ಕಪಾಟಿನ ಬೆನ್ನಿಗೆ ಎರಡು ರಂಧ್ರ ಕೊರೆಸಿದೆ. “ಯಾಕಕ್ಕ, ಗುರುಗಳು ಪಾಸ್ ಮಾಡಿದ್ರಲ್ಲ?” ಎಂದು ಬಡಗಿ ಕೇಳಿದ. “ನಾನು ಅಳತೆ ತಪ್ಪಿದ್ದೆ,” ಎಂದೆ.

ಅಲ್ಲಿಂದ ಒಂದು ವರ್ಷ ನಾನು ಒಂದು ಗುಟ್ಟಿನ ಕೆಲಸ ಮಾಡಿದೆ. ಅವರಿಗಿಂತ ಮುಂಚೆ ಹೋಗಿ ಕೈ ಇಟ್ಟು ನೋಡುವುದು. ಹತ್ತು ಬಾರದಿದ್ದರೆ ಅವರು ಬರುವುದರೊಳಗೆ ಏನಾದರೂ ನೆವ ಮಾಡಿ ಚಾನೆಲ್ ಬದಲಿಸುವುದು, ಹಿಂದೆ ಸಂದಿ ಬಿಡಿಸುವುದು. ಒಮ್ಮೆ ಸುರುಳಿ ಕೆಟ್ಟಿದೆ ಎಂದೆ, ಒಮ್ಮೆ ಬಣ್ಣ ಹೊಂದುತ್ತಿಲ್ಲ ಎಂದೆ, ಅಂಟು ಬಿಟ್ಟಿದೆ ಎಂದಂತೂ ಬೇಕಾದಷ್ಟು ಸಲ. ಅವರ ಹತ್ತು ಸುಳ್ಳಾಗದಂತೆ ನೋಡಿಕೊಳ್ಳುವುದು ನನ್ನ ವ್ರತವಾಯಿತು. ಅವರು ಎಂದಿನಂತೆ ಬಂದು, ಕಣ್ಣು ಮುಚ್ಚಿ, ಸತ್ತ ಬೆರಳುಗಳಿಂದ ಎಣಿಸಿ, ‘ತಣ್ಣಗಿದೆ’ ಎನ್ನುವರು. ಅದು ನಿಜವೇ ಆಗಿರುತ್ತಿತ್ತು. ಮೂವತ್ತು ವರ್ಷ ಯಾವ ಕೈ ನೋಡಿ ಜನ ನಮಸ್ಕಾರ ಮಾಡಿದರೋ ಆ ಕೈ ಹೋಯಿತೆಂದು ಆ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳುವುದು? ಅವರ ಮಾನ ಕಾಪಾಡುತ್ತಿದ್ದೇನೆ ಎಂದುಕೊಂಡೆ. ಅವರು ಕೆಲಸ ಬಿಟ್ಟು ಕೂತರೆ ನನ್ನ ಕೆಲಸವೂ ಹೋಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ನನ್ನ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆ ಆಯಿತು, ಮೂರು ವಾರ ಧೂಳಿಗೆ ಹೋಗಬಾರದು, ಬಗ್ಗಬಾರದು ಎಂದರು. ಆಸ್ಪತ್ರೆಗೆ ಹೋಗುವ ಮುಂಚೆಯೇ ಬಡಗಿಗೆ ಹೇಳಿದ್ದೆ: “ಮೇಸ್ತ್ರಿ ಎಣಿಸಿದ ಮೇಲೆ ನೀನೂ ಒಂದು ಸಲ ಕೈ ಇಟ್ಟು ನೋಡು.”

ಅವನು ಅಂಗೈ ಬಿಡಿಸಿ ತೋರಿಸಿದ. ಉಳಿ ಹಿಡಿದು ಹಿಡಿದು ಅದರ ಮೇಲೆ ಚರ್ಮವೋ ಹಲಗೆಯೋ ತಿಳಿಯದಂತಾಗಿತ್ತು. “ನಂದು ಮರದ ಕೈ ಅಕ್ಕ. ಇದನ್ನ ಕೆಂಡದ ಮೇಲಿಟ್ರೂ ನೂರು ಎಣಿಸುತ್ತೆ.” ನಕ್ಕೆವು. ನಾನು ಒತ್ತಿ ಹೇಳಲಿಲ್ಲ.

ಆಗ ಅವರಿಬ್ಬರೂ ಹಿಡಿದಿದ್ದ ಕೆಲಸ ಹಾಡುಗಾರನೊಬ್ಬನ ಧ್ವನಿಮುದ್ರಣದ ಕೋಣೆ. ಕಿಟಕಿಯಿಲ್ಲ. ಗೋಡೆ, ಚಾವಣಿ ಎಲ್ಲಕ್ಕೂ ಅಂಗೈ ದಪ್ಪದ ಫೋಮು, ಅದರ ಮೇಲೆ ಬಟ್ಟೆ. ಹೊರಗಿನ ಸದ್ದು ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ. ಆ ಫೋಮಿನ ನಡುವೆ ಸೀಳು ಮಾಡಿ ಇಪ್ಪತ್ತು ವ್ಯಾಟಿನ ಪಟ್ಟಿಯ ಬೆಳಕು ಬೇಕೆಂದ ಆ ಹಾಡುಗಾರ. ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನ ಬಡಗಿ ಹಣ್ಣು ತೆಗೆದುಕೊಂಡು ನನ್ನನ್ನು ನೋಡಲು ಬಂದ. ನನ್ನ ಒಂದು ಕಣ್ಣಿಗೆ ಕಟ್ಟು. ಅವನ ನಗು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

“ಗುರುಗಳು ಮೊದಲನೇ ಸಲ ಸೋತ್ರು ಅಕ್ಕ! ಚಾನೆಲ್ ಹಿಂದೆ ಬೆರಳಗಲ ಸಂದಿ ಬೇಕು, ಉಸಿರು ಬೇಕು ಅಂತ ಇವರು. ಸಂದಿ ಬಿಟ್ರೆ ಸದ್ದು ಸೋರುತ್ತೆ ಅಂತ ಆ ಹಾಡುಗಾರ. ಕೊನೆಗೆ ಅವನೇ ಅಂದ, ನಿಮ್ಮ ಕೈಯೇ ನ್ಯಾಯ ಹೇಳ್ಲಿ, ಹತ್ತು ಬಂದ್ರೆ ಒಪ್ಕೋತೀರಾ ಅಂತ. ಕೈ ಇಟ್ರು. ಹತ್ತಲ್ಲ ಅಕ್ಕ, ಹದಿನೈದು ಎಣಿಸಿದ್ರು! ಉಸಿರಿಲ್ಲದ ಕೋಣೇಲೂ ಹತ್ತು ಬಂತು. ಪಾಪ, ಅವರ ಮುಖ ನೋಡ್ಬೇಕಿತ್ತು, ತಮ್ಮ ಕೈನೇ ಬೈಯೋ ಹಾಗೆ ನಿಂತಿದ್ರು.”

ನಾನು ದಿಗ್ಗನೆ ಎದ್ದು ಕೂತೆ. “ಆ ದೀಪ ಹಾಕಬೇಡ್ರಪ್ಪ,” ಎಂದೆ. “ನಾನು ಕಟ್ಟು ಬಿಚ್ಚಿಸ್ಕೊಂಡು ಬಂದು ನೋಡ್ತೀನಿ. ಅಲ್ಲೀವರೆಗೂ ಹಾಕಬೇಡಿ.”

“ಯಾಕಕ್ಕ?”

ಆಗಲೂ ಹೇಳಬಹುದಿತ್ತು. ಅವನೊಬ್ಬನೇ ಇದ್ದ, ಕೇಳಿಸಿಕೊಂಡು ಗುಟ್ಟು ಇಟ್ಟುಕೊಳ್ಳುವವನೂ ಆಗಿದ್ದ. ನನ್ನ ಬಾಯಿಗೆ ಒಂದು ವರ್ಷದಿಂದ ಅಭ್ಯಾಸವಾಗಿದ್ದ ಮಾತೇ ಬಂತು. “ಅಂಟು ಒಣಗಬೇಕು.”

“ನಿಮ್ಮ ಅಂಟಿನ ಶಾಸ್ತ್ರ ನಂಗೆ ಗೊತ್ತಿಲ್ಲಪ್ಪ,” ಎಂದು ಅವನು ಎದ್ದ. “ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆದ್ರೆ ನಂದೂ ಮುಗೀತು. ಬೇಗ ವಾಸಿ ಮಾಡ್ಕೊಳ್ಳಿ. ನೀವಿಲ್ಲದೆ ಚಾ ನೀರಾಗಿದೆ.”

ಅದಾಗಿ ಮೂರನೆಯ ದಿನ, ಹಾಡುಹಗಲು, ಅವನು ಆ ಕೋಣೆಯಲ್ಲಿ ಸತ್ತ. ಕಿಟಕಿಯಿಲ್ಲದ ಕೋಣೆಯಲ್ಲಿ ದೀಪವಿಲ್ಲದೆ ಬಾಗಿಲಿಗೆ ರಬ್ಬರು ಹೊಡೆಯುವುದು ಹೇಗೆ? ಬೆಳಗ್ಗೆಯಿಂದ ದೀಪ ಉರಿದಿತ್ತು. ಬಾಗಿಲು ಬಿಗಿಯಾಗಿ ಕೂರುತ್ತದೋ ಇಲ್ಲವೋ ನೋಡಲು ಒಳಗಿನಿಂದ ಮುಚ್ಚಿಕೊಂಡು, ಮಂಡಿಯೂರಿ, ಗೋಡೆಗೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದನಂತೆ. ಜ್ವಾಲೆ ಎನ್ನುವಷ್ಟು ಜ್ವಾಲೆಯೂ ಏಳಲಿಲ್ಲ. ಚಾನೆಲ್ಲಿನ ಶಾಖಕ್ಕೆ ಫೋಮು ಒಳಗೊಳಗೇ ಕರಗಿ ಹೊಗೆಯಾಯಿತು. ಆ ಹೊಗೆ ಎರಡು ಉಸಿರಿಗೆ ಮನುಷ್ಯನನ್ನು ಕೆಡವುತ್ತದೆಯಂತೆ. ಕೂಗಿದ್ದನೋ ಏನೋ. ಆ ಬಾಗಿಲನ್ನು ಸದ್ದು ಹೊರಗೆ ಹೋಗದಂತೆ ಮಾಡಿದವನು ಅವನೇ. ಕೆಲಸದಲ್ಲಿ ಅವನು ಎಂದೂ ಕಳಪೆ ಮಾಡಿದವನಲ್ಲ.

ವಿಚಾರಣೆಗೆ ಬಂದವರು ತಂತಿಯ ದೋಷ ಎಂದು ಬರೆದುಕೊಂಡು ಹೋದರು. ಯಾರೂ ಮೇಸ್ತ್ರಿಯ ಕಡೆ ಬೆರಳು ತೋರಿಸಲಿಲ್ಲ. ಹದಿನೈದು ಎಣಿಸಿದ್ದನ್ನು ಹಾಡುಗಾರನೇ ಕಣ್ಣಾರೆ ನೋಡಿದ್ದ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಬಡಗಿಯ ಹೆಂಡತಿ ಕೂಡ ಅವರ ಕೈ ಹಿಡಿದುಕೊಂಡು ಅತ್ತಳು. ಆ ಕೈಯನ್ನು ಅವಳು ತನ್ನ ಕಣ್ಣೀರಿನ ಮುಖಕ್ಕೆ ಒತ್ತಿಕೊಂಡಾಗ ಅವರು ಅದನ್ನೇ ನೋಡುತ್ತಿದ್ದರು. ಅವಳ ಕಣ್ಣೀರು ಬಿಸಿಯೋ ತಣ್ಣಗೋ ಅವರಿಗೆ ತಿಳಿಯುತ್ತಿರಲಿಲ್ಲ. ಅದು ತಿಳಿಯುತ್ತಿಲ್ಲ ಎಂಬುದು ಅವರಿಗೆ ತಿಳಿದದ್ದು ಆ ಗಳಿಗೆಯಲ್ಲೇ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅವರು ಮೆಲ್ಲನೆ ಕೈ ಬಿಡಿಸಿಕೊಂಡು ಕೋಟಿನ ಜೇಬಿಗೆ ಹಾಕಿದರು. ಆಮೇಲೆ ಒಂದೇ ಒಂದು ಸಲ ಬಿಟ್ಟರೆ ಮತ್ತೆ ಯಾರ ಮುಂದೆಯೂ ಅದನ್ನು ಹೊರಗೆ ತೆಗೆದದ್ದನ್ನು ನಾನು ನೋಡಲಿಲ್ಲ.

ಕಾರ್ಖಾನೆ ಮುಚ್ಚಿತು. ಅವರು ಮನೆ ಹಿಡಿದರು. ಕಾಲಿನ ಗಾಯ ಕೊಳೆತು ಮೊದಲು ಎರಡು ಬೆರಳು ಹೋದವು, ಆಮೇಲೆ ಪಾದ. ನಾನು ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದೆ. ಅವರ ಹೆಂಡತಿ ಚಹಾ ತಂದಿಟ್ಟು, “ಊದಿ ಕುಡೀರಿ, ಬಾಯಿ ಸುಟ್ಕೋತೀರಿ, ನಿಮಗೆ ಈಗ ಬಿಸಿ ತಣ್ಣಗೆ ಒಂದೂ ಗೊತ್ತಾಗಲ್ಲ,” ಎಂದು ಮಾಮೂಲಾಗಿ ಗದರಿಸಿ ಹೋಗುವರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗೋಡೆಯ ಮೇಲೆ ಅವರೇ ಹಾಕಿದ ಬೆಳಕಿನ ಪಟ್ಟಿಯೊಂದಿತ್ತು. ಹದಿನಾರು ವರ್ಷವಾದರೂ ಬಣ್ಣ ಮಾಸಿರಲಿಲ್ಲ. ಅಗಲವಾದ ಚಾನೆಲ್, ಹಿಂದೆ ಬೆರಳಗಲ ಸಂದಿ. ಇಬ್ಬರೂ ಅದನ್ನೇ ನೋಡುತ್ತಾ ಕೂರುತ್ತಿದ್ದೆವು.

ತಮ್ಮ ಮೈಯನ್ನೇ ಅಳತೆಗೋಲು ಮಾಡಿಕೊಂಡು ಬದುಕುವ ಜನರಿದ್ದಾರೆ. ನಾಲಿಗೆಯಿಂದ ಉಪ್ಪು ತೂಗುವ ಅಡುಗೆಯವರು, ಕಿವಿಯಿಂದ ಯಂತ್ರದ ರೋಗ ಹಿಡಿಯುವವರು, ಅಂಗೈಯಿಂದ ಬಸಿರಿನ ಮಗುವಿನ ತಲೆ ಎಲ್ಲಿದೆ ಎಂದು ಹೇಳುವ ಸೂಲಗಿತ್ತಿಯರು. ಅವರ ವಿದ್ಯೆ ಪುಸ್ತಕದಲ್ಲಿಲ್ಲ, ಪೆಟ್ಟಿಗೆಯಲ್ಲಿಲ್ಲ. ಅವರ ಜೊತೆಗೇ ಉಣ್ಣುತ್ತದೆ, ಅವರ ಜೊತೆಗೇ ಮುದಿಯಾಗುತ್ತದೆ. ಅಂಥವರು ಅಹಂಕಾರಿಗಳೆಂದು ಜನ ಆಡಿಕೊಳ್ಳುವುದನ್ನು ಕೇಳಿದ್ದೇನೆ. ನಾನು ಕಂಡ ಮಟ್ಟಿಗೆ ಅವರಷ್ಟು ನಂಬುವವರು ಬೇರೆ ಇಲ್ಲ. ಮೊದಲು ತಮ್ಮ ಕೈಯನ್ನು ನಂಬುತ್ತಾರೆ, ಆಮೇಲೆ ಪಕ್ಕದಲ್ಲಿರುವವರನ್ನು. ಗೋಲು ಸವೆದದ್ದು ಗೋಲಿಗೆ ತಿಳಿಯುವುದಿಲ್ಲ. ಅದನ್ನು ಪಕ್ಕದಲ್ಲಿ ನಿಂತವರು ಹೇಳಬೇಕು. ಪಕ್ಕದಲ್ಲಿ ನಿಂತವರೋ, ಗೌರವ ಎನ್ನುತ್ತಾರೆ, ಕರುಣೆ ಎನ್ನುತ್ತಾರೆ, ಅಂಟು ಬಿಟ್ಟಿದೆ ಎನ್ನುತ್ತಾರೆ.

ಕೊನೆಯ ಸಲ ಹೋದಾಗ ಅವರು ತುಂಬ ಇಳಿದುಹೋಗಿದ್ದರು. ಬೂದುಬಣ್ಣದ ಕೋಟು ಮಂಚದ ಕಂಬಕ್ಕೆ ತೂಗುಬಿದ್ದಿತ್ತು. ಅದರ ಎಡ ಜೇಬಿನಿಂದ ಚಾನೆಲ್ ತುಂಡು ತೆಗೆದುಕೊಡಲು ಸನ್ನೆ ಮಾಡಿದರು. ಕೊಟ್ಟೆ. ಎದೆಯ ಮೇಲಿಟ್ಟುಕೊಂಡು, ಗೋಡೆಯ ದೀಪ ನೋಡುತ್ತಲೇ ಮಾತಾಡಿದರು.

“ಕನ್ನಡಕದ ಅಂಗಡಿ ನೆನಪಿದೆಯಾ ಅಮ್ಮ?”

“ಇದೆ ಮೇಸ್ತ್ರಿ.”

“ಅಂಟು ಬಿಟ್ಟಿದೆ ಅಂದ್ರಿ. ಮಾರನೇ ದಿನ ನೀವು ಬರೋ ಮುಂಚೆ ನಾನು ಹೋಗಿ ನೋಡಿದ್ದೆ. ನಿಮ್ಮ ಅಂಟು ಬಿಟ್ಟಿದೆ ಅಂದ್ರೆ ನಂಬಿಕೆ ಆಗಲಿಲ್ಲ. ಎಲ್ಲೂ ಬಿಟ್ಟಿರಲಿಲ್ಲ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಏನೋ ಕಾರಣ ಇರುತ್ತೆ, ವಯಸ್ಸಾಯ್ತು, ಕಣ್ಣು ಮಂಜಾಗಿದೆ ಅಂದ್ಕೊಂಡೆ. ನಿಮ್ಮದು. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಕೇಳಲಿಲ್ಲ.”

ನಾನು ತಲೆ ತಗ್ಗಿಸಿದೆ.

“ಮರ ನಿಮ್ಮನ್ನ ನೋಡಿ ಬಂದು ಹೇಳ್ದ, ಅಕ್ಕ ದೀಪ ಹಾಕಬೇಡಿ ಅಂದ್ರು, ಅಂಟು ಒಣಗಬೇಕಂತೆ ಅಂತ. ನಾನು ನಕ್ಕೆ. ಪಟ್ಟಿಗಿರೋದು ಟೇಪಿನ ಅಂಟು, ಅದು ಎಲ್ಲಾದ್ರೂ ಒಣಗುತ್ತೇನೋ, ಅವರ ಕಣ್ಣಿನ ಔಷಧಿ ತಲೆಗೇರಿದೆ, ನಾನೇ ಹದಿನೈದು ಎಣಿಸಿದೀನಿ, ಧೈರ್ಯವಾಗಿ ಹಾಕ್ಕೋ ಅಂದೆ.”

ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಬಡಗಿ ಹೋದ ಮೇಲೆ ಮೊಟ್ಟಮೊದಲ ಬಾರಿಗೆ ಅವರು ನನ್ನ ಮುಖವನ್ನು ನೇರವಾಗಿ ನೋಡಿದರು. ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಬೆರಳ ಬೆನ್ನು ಮೇಲಾಗಿ, ನಮ್ಮಿಬ್ಬರ ನಡುವೆ ಹಾಸಿಗೆಯ ಮೇಲಿಟ್ಟರು.

“ಅವತ್ತು, ಆ ಅಂಗಡೀಲಿ,” ಎಂದರು, “ನೀವು ಎಷ್ಟಕ್ಕೆ ಕೈ ತೆಗೆದ್ರಿ?”